ಲೆಕ್ಕದ ಹೊಸ ಕೊಳಗ

ನವಲಿಯ ರೈತರೊಬ್ಬರು ಹೋದ ವರ್ಷ 100 ಚೀಲ ಭತ್ತ ಬೆಳೆದರು, ಈ ವರ್ಷ 80 ಕ್ವಿಂಟಲ್ ಬೆಳೆದರು ಎಂದಿಟ್ಟುಕೊಳ್ಳಿ. ಅಂಕಿಯನ್ನಷ್ಟೇ ನೋಡಿದರೆ ಬೆಳೆ ಇಳಿಯಿತೆಂದು ತಾವು ಮರುಗುವಿರಿ. ಚೀಲಕ್ಕೆ 75 ಕಿಲೋ ಹಿಡಿದರೆ ಹೋದ ವರ್ಷದ್ದು 75 ಕ್ವಿಂಟಲ್ ಮಾತ್ರ. ಬೆಳೆ ಏರಿದೆ!

ಕಂಪನಿಗಳು ಲೆಕ್ಕಪತ್ರದ ಹೊಸ ಮಾನಕಗಳಿಗೆ ಹೊರಳುವಾಗಲೂ ಇದೇ ತೊಡಕು. ಬ್ಯಾಂಕು, ವಿಮೆ, ಲೇವಾದೇವಿ ಸಂಸ್ಥೆಗಳನ್ನು ಬಿಟ್ಟು, 500 ಕೋಟಿ ರೂಪಾಯಿ ಅಥವಾ ಹೆಚ್ಚಿನ ನಿವ್ವಳ ಸಂಪತ್ತುಳ್ಳ ಭಾರತೀಯ ಕಂಪನಿಗಳು 2016ರ ಏಪ್ರಿಲ್ 1ರಿಂದ, ಅಂತರರಾಷ್ಟ್ರೀಯ ಪದ್ಧತಿಗೆ ಹೊಂದಿಸಿದ ‘ಇಂಡ್ ಎ.ಎಸ್.’ ಮಾನಕಗಳನ್ನು ಅನುಸರಿಸಬೇಕಾಯಿತು. ಬೆಂಗಳೂರಿನ ಇನ್ಫೋಸಿಸ್ ಅವುಗಳಲ್ಲೊಂದು. ಹಾಗೆ ಹೊರಳುವವರು ಹಿಂದಿನ ವರ್ಷದ ಲೆಕ್ಕವನ್ನೂ ಹೊಸ ಅಳತೆಯಲ್ಲಿ ಬರೆದು, ಅಂತರವೆಷ್ಟು, ಏಕೆ ಎಂಬುದನ್ನು ತಿಳಿಸಬೇಕೆಂಬುದು ನಿಯಮ.

2019ರ ಏಪ್ರಿಲ್‌ನಲ್ಲಿ ಮತ್ತೊಂದು ಮಾನಕ ಬಂದಿತು. ಹಲವು ವರ್ಷಗಳಿಗೆ ಬಾಡಿಗೆ ಹಿಡಿದ ಕಟ್ಟಡಕ್ಕೆ ಮುಂದೆ ಕೊಡಬೇಕಾದ ಹಣವನ್ನೂ ಅಢಾವೆ ಪತ್ರಿಕೆಯಲ್ಲಿ ಹೊಣೆಯೆಂದು ಕಾಣಿಸಬೇಕಾಯಿತು. ಪೆಟ್ಟಿಗೆಯ ಹಣ ಕದಲಲಿಲ್ಲ. ಮರೆಯಲ್ಲಿದ್ದ ಹೊಣೆ ಬೆಳಕಿಗೆ ಬಂದಿತು. ಸಾಲ ಕೊಡುವವರಿಗೂ ಉಳಿತಾಯದ ಹಣದಿಂದ ಷೇರು ಕೊಳ್ಳುವ ಗೃಹಸ್ಥರಿಗೂ ಬೇಕಾದುದು ಈ ಬೆಳಕೇ.

ಆದುದರಿಂದ ಲಾಭದ ಅಂಕಿಯೊಂದನ್ನೇ ನಂಬಬೇಡಿ. ಅದನ್ನು ಅಳೆದ ಕೊಳಗ ಯಾವುದೆಂದು ಲೆಕ್ಕದ ಕೆಳಗಿನ ಟಿಪ್ಪಣಿಗಳಲ್ಲಿ ಓದಿ ನೋಡಿ.