ಹೂವಿನ ಹೊತ್ತು, ಮಕ್ಕಳ ಹೊತ್ತು

(ದೇವಾಲಯದ ಶತಮಾನೋತ್ಸವದ ಅಂಗವಾಗಿ ನಡೆದ ಮಹಿಳಾ ಸಮಾವೇಶದಲ್ಲಿ ಸ್ತ್ರೀ ಸಂಘಟನೆಯ ಪರವಾಗಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡುವ ಭಾಗ್ಯ ನಮಗೆ ಲಭಿಸಿದೆ. ಕುಟುಂಬದಲ್ಲಿ ಸ್ತ್ರೀಯ ಸ್ಥಾನವೆಂಬ ವಿಷಯವನ್ನು ಸಮಿತಿಯವರು ಸೂಚಿಸಿದ್ದರು. ಆ ವಿಷಯವಾಗಿ ವಿದ್ವತ್ಪೂರ್ಣವಾಗಿ ಮಾತನಾಡಬಲ್ಲವರು ಬೇರೆ ಇದ್ದಾರೆ. ನಮಗೆ ಬಲ್ಲದ್ದು ಮಲ್ಲಿಗೆಯೊಂದೇ. ಆದುದರಿಂದ ಮನೆಯಂಗಳದಲ್ಲಿ ಹೂ ಬೆಳೆದು, ಕಟ್ಟಿ, ಮಾರುತ್ತ ಅದರ ನಡುವೆಯೇ ಎಳೆಯ ಮಕ್ಕಳನ್ನು ಸಾಕುವ ತಾಯಂದಿರ ವಿಚಾರವನ್ನೇ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ.

ಶಂಕರಪುರದ ಸುತ್ತಮುತ್ತಲಿನ ನಮ್ಮ ಕ್ರೈಸ್ತ ಕುಟುಂಬಗಳಿಗೆ ಮಲ್ಲಿಗೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಉಡುಪಿ ಮಲ್ಲಿಗೆಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಅದು ಮಂಗಳೂರಿಗೆ, ಮುಂಬಯಿಗೆ ಹೋಗುತ್ತದೆ. ಆದರೆ ಪರವೂರುಗಳಿಂದ ಬಂದ ಅತಿಥಿಗಳೂ ಇಲ್ಲಿ ಇರುವುದರಿಂದ ಲೆಕ್ಕವನ್ನು ಸ್ವಲ್ಪ ವಿವರಿಸುತ್ತೇವೆ. 800 ಹೂಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿದರೆ ಒಂದು ಚೆಂಡು. ಅಂತಹ 4 ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಮೊಗ್ಗುಗಳು. ಅವನ್ನು ಒಂದೊಂದಾಗಿಯೇ ಬಿಡಿಸಬೇಕು. ಸಂಜೆ ಅರಳಬೇಕಾದುದನ್ನು ಬೆಳಿಗ್ಗೆ ಮೊಗ್ಗಾಗಿರುವಾಗಲೇ ಕೊಯ್ಯಬೇಕು. ಹೂ ಕೊಳ್ಳುವವರು ಬರುವಷ್ಟರಲ್ಲಿ ಕಟ್ಟಿ ಮುಗಿಸಬೇಕು. ಹತ್ತು ಗಂಟೆಗೆ ತಂದ ಹೂವನ್ನು ಕೇಳುವವರಿಲ್ಲ.

ನಮ್ಮ ಕೈಯ ವೇಗದಲ್ಲಿ ಹೇಳುವುದಾದರೆ, ಒಂದು ಅಟ್ಟೆಯ ಮೊಗ್ಗು ಕೊಯ್ಯಲು ಹೆಚ್ಚುಕಡಿಮೆ ಒಂದೂಕಾಲು ಗಂಟೆ, ಕಟ್ಟಲು ಎರಡೂಮುಕ್ಕಾಲು ಗಂಟೆ. ಒಟ್ಟು ನಾಲ್ಕು ಗಂಟೆಗಳ ದುಡಿಮೆ. ಒಬ್ಬಳಿಂದಲೇ ಇದು ಹೊತ್ತಿಗೆ ಸರಿಯಾಗಿ ಮುಗಿಯದು. ಪ್ರತಿಯೊಂದು ಅಟ್ಟೆಯ ಹಿಂದೆಯೂ ಒಬ್ಬ ಅತ್ತೆ ಇದ್ದಾರೆ ಎಂದು ನಾವು ತಮಾಷೆಗೆ ಹೇಳುವುದುಂಟು. ನಮ್ಮ ಮನೆಯ ಮಟ್ಟಿಗೆ ಅದು ಅಕ್ಷರಶಃ ಸತ್ಯ. ಅತ್ತೆಯವರಿಲ್ಲದ ಮನೆಗಳಲ್ಲಿ ಆ ಜಾಗಕ್ಕೆ ಯಾರು ಬಂದು ಕುಳಿತುಕೊಳ್ಳುತ್ತಾರೆಂಬುದನ್ನು ಮುಂದೆ ಹೇಳುತ್ತೇವೆ.

ಹೊರಗೆ ಕಚೇರಿಗೋ ಕಾರ್ಖಾನೆಗೋ ಹೋಗುವುದಕ್ಕಿಂತ ಮನೆಯಲ್ಲೇ ಕುಳಿತು ಸಂಪಾದಿಸುವುದು ತಾಯಿಗೆ ಅನುಕೂಲವೆಂದು ಎಲ್ಲರೂ ಹೇಳುತ್ತಾರೆ. ಅನುಕೂಲವೇನೋ ಹೌದು. ಮಗು ಅತ್ತರೆ ಕೇಳಿಸುತ್ತದೆ; ಶಾಲೆಯಿಂದ ಬಂದವರಿಗೆ ಬಾಗಿಲು ತೆರೆದಿರುತ್ತದೆ. ಆದರೆ ಕೇಳಿಸುವುದು ಬೇರೆ, ಎದ್ದು ಹೋಗುವುದು ಬೇರೆ. ಕಾರ್ಖಾನೆಗೆ ಒಂದು ಗೇಟಿದೆ, ಗಂಟೆಯಿದೆ. ಗಂಟೆ ಬಾರಿಸಿದರೆ ಕೆಲಸ ಹೊರಗುಳಿಯುತ್ತದೆ. ಮನೆಯ ಉದ್ಯಮಕ್ಕೆ ಬಾಗಿಲೇ ಇಲ್ಲ. ಬೆಳಗಿನ ಐದೂವರೆಯಿಂದ ಒಂಬತ್ತರ ತನಕ ಹೂವಿಗೆ ನಾವು ಬೇಕು. ಮಕ್ಕಳಿಗೆ ಹಸಿವಾಗುವುದು, ಶಾಲೆಯ ಅಂಗಿಯ ಗುಂಡಿ ಕಳೆದುಹೋಗುವುದು, ಬರೆಯದೆ ಉಳಿದ ಮನೆಗೆಲಸ ನೆನಪಾಗುವುದು, ಎಲ್ಲವೂ ಅದೇ ಹೊತ್ತಿನಲ್ಲಿ. ಹೂ ಕಾಯುವುದಿಲ್ಲವೆಂಬುದು ನಮಗೆಲ್ಲ ಗೊತ್ತು. ಮಕ್ಕಳು ಕಾಯುತ್ತಾರೆ. ಕಾಯುತ್ತಾರೆಂಬ ಕಾರಣಕ್ಕಾಗಿಯೇ ನಾವು ಅವರನ್ನು ಕಾಯಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲೇ ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ. ನವರಾತ್ರಿಯ ದಿನಗಳು. ಹಿಂದಿನ ದಿನ ಅಟ್ಟೆಯ ದರ ಸಾವಿರ ರೂಪಾಯಿ ದಾಟಿತ್ತು. ಮನೆಯ ಯಜಮಾನರು ಕೊಲ್ಲಿ ದೇಶದಲ್ಲಿದ್ದರು. ಎರಡು ವರ್ಷದ ಕಿರಿಯ ಮಗನಿಗೆ ರಾತ್ರಿಯಿಡೀ ಕೆಮ್ಮು, ಜ್ವರ. ಬೆಳಿಗ್ಗೆ ಎದ್ದಾಗ ಉಸಿರು ವೇಗವಾಗಿತ್ತು. ಗಿಡದ ತುಂಬ ಮೊಗ್ಗು. ಹೂ ಕೊಟ್ಟು ಹೋಗೋಣವೆಂದುಕೊಂಡೆವು. ಅತ್ತೆಯವರು ಎರಡು ಬಾರಿ ಹೇಳಿದರು, "ಬಿಡು, ಮೊದಲು ಮಗುವನ್ನು ಕರೆದುಕೊಂಡು ಹೋಗು" ಎಂದು. ಇನ್ನೊಂದೇ ಚೆಂಡು, ಇನ್ನೊಂದೇ ಚೆಂಡು ಎನ್ನುತ್ತ ಕಟ್ಟಿ ಮುಗಿಸಿದೆವು. ಆಸ್ಪತ್ರೆಗೆ ತಲಪಿದಾಗ ಒಂಬತ್ತೂವರೆ. ವೈದ್ಯರು ಮಗುವಿನ ಅಂಗಿ ಎತ್ತಿ ನೋಡಿ, "ಪಕ್ಕೆ ಒಳಕ್ಕೆ ಸೆಳೆಯುತ್ತಿರುವುದನ್ನು ನೀವು ಗಮನಿಸಲಿಲ್ಲವೇ?" ಎಂದು ಕೇಳಿದರು. ಗಮನಿಸಿದ್ದೆವು. ಅದಕ್ಕೆ ಉತ್ತರವಿರಲಿಲ್ಲ.

ನ್ಯುಮೋನಿಯ. ಐದು ದಿನ ಆಸ್ಪತ್ರೆಯಲ್ಲಿದ್ದು ದೇವರ ದಯೆಯಿಂದ ಮಗು ಗುಣಮುಖನಾದನು. ಅಂದಿನ ಅಟ್ಟೆಯ ಹಣ ಒಂದು ದಿನದ ಖರ್ಚಿಗೂ ಸಾಲಲಿಲ್ಲ. ಆ ಐದು ದಿನ ನಮ್ಮ ಅಂಗಳದ ಹೂವನ್ನು ಯಾರೂ ಕೊಯ್ಯಲಿಲ್ಲ. ಸಂಜೆ ಅರಳಿ, ಬೆಳಿಗ್ಗೆ ಉದುರಿ ಹೋಯಿತು. ಮನೆಗೆ ಮರಳಿದಾಗ ಗಿಡಗಳು ಹಾಗೆಯೇ ಇದ್ದವು. ಹೂ ಕೊಳ್ಳುವವರು ಆರನೆಯ ದಿನ ಎಂದಿನಂತೆಯೇ ಬಂದರು. ಹೂ ಕೊಡದಿದ್ದರೆ ಏನೋ ಆಗಿಬಿಡುತ್ತದೆ ಎಂದು ಇಷ್ಟು ವರ್ಷ ನಾವು ಹೆದರಿದ್ದೆವಲ್ಲ, ಏನೂ ಆಗಿರಲಿಲ್ಲ.

ಆ ಬಳಿಕ ನಾವು ಲೆಕ್ಕ ಬರೆಯತೊಡಗಿದೆವು. ಅದುವರೆಗೆ ಮನೆಯ ಹೂವೆಂದರೆ ಸುಮ್ಮನೆ ಬರುವ ಹಣವೆಂದು ನಾವೂ ಭಾವಿಸಿದ್ದೆವು. ಎಮ್ಮೆಗೆ ಹುಲ್ಲು ಹಾಕಿದಂತೆ ಗಿಡಕ್ಕೆ ನೀರು ಹಾಕುವುದು, ಬಂದುದನ್ನು ತೆಗೆದುಕೊಳ್ಳುವುದು. ಸೆಗಣಿ ಗೊಬ್ಬರ, ನೆಲಗಡಲೆ ಹಿಂಡಿ, ಬೇವಿನ ಹಿಂಡಿ, ಹುಳದ ಮದ್ದು, ನೀರೆತ್ತುವ ವಿದ್ಯುತ್ತು ಇವುಗಳ ಖರ್ಚನ್ನು ಒಂದು ಬದಿಯಲ್ಲಿ, ದುಡಿದ ಗಂಟೆಗಳನ್ನು ಇನ್ನೊಂದು ಬದಿಯಲ್ಲಿ ಬರೆದೆವು. ಅಟ್ಟೆಗೆ 400 ರೂಪಾಯಿ ಇದ್ದ ದಿನ ಗಂಟೆಯೊಂದಕ್ಕೆ ನೂರು ರೂಪಾಯಿಯೂ ಬೀಳುವುದಿಲ್ಲ. ದರ 120ಕ್ಕೆ ಇಳಿದ ದಿನ ಖರ್ಚು ಕಳೆಯುವುದಕ್ಕೆ ಮುಂಚೆಯೇ ಗಂಟೆಗೆ ಮೂವತ್ತು ರೂಪಾಯಿ. ಮದುವೆಗಳ, ನಾಗರಪಂಚಮಿಯ, ನವರಾತ್ರಿಯ ದಿನಗಳಲ್ಲಿ ದರ ಏರುತ್ತದೆ. ಆಟಿ ತಿಂಗಳ ಮಳೆಯಲ್ಲಿ ಶುಭಕಾರ್ಯಗಳೂ ಇಲ್ಲ, ಒಳ್ಳೆಯ ಮೊಗ್ಗೂ ಇಲ್ಲ. ನಾವು ಮಾತ್ರ ಎಲ್ಲ ದಿನಗಳಲ್ಲೂ ಒಂದೇ ಆತುರದಿಂದ ಓಡುತ್ತಿದ್ದೆವು. ಮೂವತ್ತು ರೂಪಾಯಿಯ ದಿನವೂ ಮಕ್ಕಳಿಗೆ ಗದರಿಕೆ ಅಷ್ಟೇ ಇತ್ತು.

ಲೆಕ್ಕದಿಂದ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಅದುವೇ ಮೇಲೆ ಹೇಳಿದ ಅತ್ತೆಯಿಲ್ಲದ ಮನೆಯ ವಿಚಾರ. ಅಲ್ಲಿ ಆ ಸ್ಥಾನದಲ್ಲಿ ಕುಳಿತಿರುವುದು ಹತ್ತು ವರ್ಷದ ಮಗಳು. ನಮ್ಮ ಮನೆಯಲ್ಲೂ ಅತ್ತೆಯವರಿಗೆ ಕೈನೋವು ಬಂದಾಗಲೆಲ್ಲ ಹಿರಿಯ ಮಗಳೇ ಕೂತದ್ದು ಪುಸ್ತಕದಲ್ಲಿ ದಾಖಲಾಯಿತು. ಮಗನನ್ನು ನಾವು ಎಬ್ಬಿಸಿದುದಿಲ್ಲ. ಅವನಿಗೆ ಕಟ್ಟಲು ಬರುವುದಿಲ್ಲವಂತೆ! ಯಾರೂ ಕಲಿಸಲಿಲ್ಲವಾದುದರಿಂದ ಬರುವುದಿಲ್ಲ. ಮಕ್ಕಳು ತಂದೆತಾಯಿಗಳಿಗೆ ನೆರವಾಗುವುದು ತಪ್ಪೆಂದು ನಾವು ಹೇಳುತ್ತಿಲ್ಲ. 2016ರ ಬಾಲಕಾರ್ಮಿಕ ತಿದ್ದುಪಡಿ ಕಾಯಿದೆಯೂ ಮಕ್ಕಳು ಸ್ವಂತ ಕುಟುಂಬದ ಅಪಾಯಕರವಲ್ಲದ ಕೆಲಸಕ್ಕೆ ಶಾಲೆಯ ಅವಧಿ ಮುಗಿದ ಬಳಿಕ ಅಥವಾ ರಜೆಯಲ್ಲಿ ನೆರವಾಗಬಹುದೆಂದು ಒಪ್ಪುತ್ತದೆ. ಆದರೆ ಮಲ್ಲಿಗೆಯ ಕೆಲಸವಿರುವುದು ಶಾಲೆಗೆ ಮುನ್ನ. ನಿದ್ದೆ ಕೆಟ್ಟ ಮಗು ತರಗತಿಯಲ್ಲಿ ತೂಕಡಿಸುತ್ತದೆ. ಭಾನುವಾರದ ಧರ್ಮೋಪದೇಶಕ್ಕೆ ತಡವಾಗಿ ಬರುತ್ತದೆ. ಉಪದೇಶಕರು ತಾಯಿಯನ್ನು ಕರೆದು ಕೇಳಿದರೆ ತಾಯಿಯೂ ಅಂದು ಪೂಜೆಗೆ ತಡವಾಗಿಯೇ ಬಂದವಳು!

ಒಂದು ದಿನ ಆ ಮಗಳು ಕೇಳಿದಳು, "ಅಮ್ಮಾ, ನಾಳೆ ರೇಟ್ ಕಡಿಮೆಯಿದ್ದರೆ ನೀನು ನಮ್ಮ ಶಾಲೆಯ ಸಭೆಗೆ ಬರುತ್ತೀಯಾ?"

ಇಲ್ಲಿ ಬೀಡಿ ಕಟ್ಟುವ ಸೋದರಿಯರೂ ಇದ್ದಾರೆ. ಅವರ ಕಷ್ಟ ನಮ್ಮದಕ್ಕಿಂತ ಹೆಚ್ಚಿನದು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ, 1976ರ ಕಲ್ಯಾಣ ನಿಧಿ ಕಾಯಿದೆ ಇವುಗಳು ಮನೆಯಲ್ಲಿ ಕುಳಿತು ದುಡಿಯುವ ಆ ತಾಯಂದಿರನ್ನು ಕಾರ್ಮಿಕರೆಂದು ಗುರುತಿಸಿದವು. ಹೊಗೆಸೊಪ್ಪಿನ ಧೂಳು ತೊಟ್ಟಿಲ ತನಕ ಹೋಗುವುದನ್ನು ಮಾತ್ರ ಕಾಯಿದೆಯಿಂದ ತಡೆಯಲಾಗದು; ಮೊರವನ್ನು ಮಗು ಮಲಗುವ ಕೋಣೆಯಿಂದ ಹೊರಗೆ, ಚಾವಡಿಗೆ ತರುವುದೊಂದೇ ದಾರಿ. ನಮ್ಮ ಹೂವಿನವರ ಮನೆಗಳಲ್ಲೂ ಮೊಗ್ಗಿನ ಹುಳಕ್ಕೆ ಸಿಂಪಡಿಸುವ ಮದ್ದಿನ ಬಾಟಲಿ ಅಡಿಗೆಮನೆಯ ಕಿಟಕಿಯಲ್ಲಿ, ಎಣ್ಣೆಯ ಬಾಟಲಿಯ ಪಕ್ಕದಲ್ಲಿ ಇರುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇಂದು ಮನೆಗೆ ಹೋದೊಡನೆ ದಯಮಾಡಿ ಅದನ್ನು ತೆಗೆದು ಬೀಗ ಹಾಕುವಲ್ಲಿ ಇಡಿರಿ. ಸಿಂಪಡಿಸಿದ ದಿನ ಮಕ್ಕಳನ್ನು ಗಿಡಗಳ ನಡುವೆ ಬಿಡಬೇಡಿರಿ.

ದುಡಿಯುವ ಸ್ತ್ರೀಯ ಮಾತು ಬಂದಾಗ ನಮ್ಮ ಉಪದೇಶಕರು ಜ್ಞಾನೋಕ್ತಿಗಳ 31ನೆಯ ಅಧ್ಯಾಯದ ಗುಣವತಿಯಾದ ಸತಿಯನ್ನು ಮಾದರಿಯಾಗಿ ತೋರಿಸುತ್ತಾರೆ. ಆಕೆ ಇನ್ನೂ ಕತ್ತಲಿರುವಾಗಲೇ ಏಳುತ್ತಾಳೆ, ಹೊಲ ಕೊಳ್ಳುತ್ತಾಳೆ, ನೂಲುತ್ತಾಳೆ, ಬಟ್ಟೆ ಮಾರುತ್ತಾಳೆ. ನಾವೂ ಆ ಅಧ್ಯಾಯವನ್ನು ಭಕ್ತಿಯಿಂದ ಓದಿದ್ದೇವೆ. ಆಕೆಗೆ ದಾಸಿಯರಿದ್ದರೆಂಬುದೂ ಅಲ್ಲಿಯೇ ಇದೆ. ಪತಿಯು ಊರಬಾಗಿಲಲ್ಲಿ ಹಿರಿಯರೊಡನೆ ಕುಳಿತಿರುತ್ತಾನೆಂಬುದೂ ಇದೆ. (ಇಲ್ಲಿನ ಪುರುಷರು ನಗುತ್ತಿರುವುದನ್ನು ಕಂಡರೆ ಊರಬಾಗಿಲು ಎಲ್ಲಿದೆಯೆಂದು ಅವರಿಗೆ ತಿಳಿದಿರುವಂತಿದೆ.) ಆಕೆಯ ಮಕ್ಕಳು ಎದ್ದುನಿಂತು ತಾಯಿಯನ್ನು ಧನ್ಯಳೆನ್ನುತ್ತಾರೆ, ಆದರೆ ಅವರು ತೊಟ್ಟಿಲಲ್ಲಿದ್ದಾಗ ಆ ಕತ್ತಲಿನ ಹೊತ್ತಿನಲ್ಲಿ ಯಾರು ತೂಗಿದರೆಂದು ಹೇಳಿಲ್ಲ. ಅಧ್ಯಾಯದ ಕಡೆಯಲ್ಲಿ ಆಕೆಯ ಕೈದುಡಿಮೆಯ ಫಲವು ಆಕೆಗೇ ಸಲ್ಲಬೇಕೆಂದಿದೆ. ಈ ಕಡೆಯ ವಾಕ್ಯದ ಮೇಲೆ ಪ್ರಸಂಗ ಕೇಳಿದ ನೆನಪು ನಮಗಿಲ್ಲ. ಜಗದ್ಗುರು ಸಂತ ಎರಡನೆಯ ಜಾನ್ ಪಾಲರು 1981ರಲ್ಲಿ ಮಾನವ ದುಡಿಮೆಯ ಕುರಿತು ಹೊರಡಿಸಿದ ವಿಶ್ವಪತ್ರದಲ್ಲಿ ತಾಯಿಯ ಶ್ರಮಕ್ಕೆ ಸಮಾಜವು ಮತ್ತೆ ಬೆಲೆ ಕಟ್ಟಬೇಕೆಂದು ಸ್ಪಷ್ಟವಾಗಿ ಬೋಧಿಸಿದ್ದಾರೆ. ಬೆಲೆ ಕಟ್ಟುವುದು ಸಮಾಜದಲ್ಲಿ ಆರಂಭವಾಗುವ ಮೊದಲು ಮನೆಯಲ್ಲಿ ಆಗಬೇಕಷ್ಟೆ.

ನಮ್ಮ ಹೂವಿನ ಹಣ ಯಾರ ಹೆಸರಿನಲ್ಲಿದೆ? ಸಂಘಟನೆಯ ಸಭೆಯಲ್ಲಿ ಈ ಪ್ರಶ್ನೆ ಕೇಳಿದಾಗ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಎರಡಾಣೆಗೂ ಒಂದು ಪುಸ್ತಕ, ಪುಸ್ತಕಕ್ಕೆ ಒಂದು ಹೆಸರು ಎಂಬ ಆ ಪದ್ಧತಿಯನ್ನು ನಮ್ಮ ಅಜ್ಜಿಯಂದಿರು ಬಲ್ಲರು. ನಮ್ಮಲ್ಲಿ ಅನೇಕರಿಗೆ ಇಂದಿಗೂ ಸ್ವಂತ ಖಾತೆಯಿಲ್ಲ. ಹಣ ತನ್ನ ಹೆಸರಿನಲ್ಲಿದ್ದ ತಾಯಿಯು ಮಗುವಿಗೆ ಜ್ವರ ಬಂದ ದಿನ ಹೂವನ್ನು ಗಿಡದಲ್ಲೇ ಬಿಡುವ ಧೈರ್ಯ ಮಾಡುತ್ತಾಳೆ. ಇದು ನಮ್ಮ ಅನುಭವದ ಮಾತು.

ನಮ್ಮ ಮನೆಯಲ್ಲಿ ಈಗ ಗಿಡಗಳನ್ನು ಕಡಿಮೆ ಮಾಡಿದ್ದೇವೆ. ಏಳೂಕಾಲರಿಂದ ಎಂಟರ ತನಕ ಹೂ ಮುಟ್ಟುವುದಿಲ್ಲ. ಅದು ಮಕ್ಕಳ ಹೊತ್ತು. ಅಟ್ಟೆಯ ಬದಲು ಕೆಲವು ದಿನ ಮೂರೇ ಚೆಂಡು ಆಗುತ್ತದೆ. ಊರಿಗೆ ಮರಳಿರುವ ಯಜಮಾನರು ನಾರು ಸೀಳುತ್ತಾರೆ, ಹೂ ಕೊಯ್ಯುತ್ತಾರೆ, ಕಟ್ಟುವುದನ್ನು ಕಲಿಯುತ್ತಿದ್ದಾರೆ. ಅವರು ಕಟ್ಟಿದ ಚೆಂಡನ್ನು ಕೊಳ್ಳುವವರು ಒಮ್ಮೆ ಹಿಂದಿರುಗಿಸಿದರೆಂಬುದನ್ನು ಇಲ್ಲಿ ಹೇಳಬಾರದಿತ್ತು.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ನಮ್ಮ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಅರ್ಪಿಸುವರು. ಮಲ್ಲಿಗೆ ಬೆಳೆಯುವ ನಮ್ಮ ಮನೆಗಳ ಮಕ್ಕಳ ಬುಟ್ಟಿಯಲ್ಲಿ ದಾಸವಾಳ, ರತ್ನಗಂಧಿ, ಬೇಲಿಯ ಹೂಗಳೇ ಇರುತ್ತಿದ್ದವು. ಮಲ್ಲಿಗೆಗೆ ಆಗ ದರವಿರುತ್ತದಲ್ಲ! ಕಳೆದ ವರ್ಷ ಮಗಳು ಕೇಳದೆಯೇ ಒಂದು ಹಿಡಿ ಮಲ್ಲಿಗೆ ಕೊಯ್ದು ಒಯ್ದಳು. ನಾವು ಸುಮ್ಮನಿದ್ದೆವು.

ಕೊನೆಯದಾಗಿ ಪೂಜ್ಯ ಗುರುಗಳಲ್ಲಿ ಒಂದು ಬಿನ್ನಹವಿದೆ. ಶತಮಾನೋತ್ಸವದ ಸ್ಮಾರಕವಾಗಿ ಸಭಾಭವನ ವಿಸ್ತಾರಗೊಳ್ಳುತ್ತಿದೆ. ಅದರ ಹಿಂಬದಿಯ ಚಿಕ್ಕ ಕೋಣೆಯನ್ನು ಬೆಳಿಗ್ಗೆ ಆರರಿಂದ ಒಂಬತ್ತರ ತನಕ ಶಾಲೆಗೆ ಹೋಗದ ಮಕ್ಕಳಿಗಾಗಿ ಬಿಟ್ಟುಕೊಡಬೇಕು. ನೋಡಿಕೊಳ್ಳಲು ಸಂಘಟನೆಯ ಹಿರಿಯ ಸೋದರಿಯರು ಸರದಿಯಂತೆ ಬರಲೊಪ್ಪಿದ್ದಾರೆ; ಈಗಾಗಲೇ ಏಳು ಮಂದಿ ಹೆಸರು ಕೊಟ್ಟಿದ್ದಾರೆ. ಹಾಲು, ಚಾಪೆಗಳ ಖರ್ಚಿಗೆ ಹೂ ಬೆಳೆಯುವ ಪ್ರತಿ ಮನೆಯಿಂದ ತಿಂಗಳಿಗೊಂದು ಚೆಂಡಿನ ಬೆಲೆ ಕೊಡುವೆವು. ಹೆಸರು ಬರೆಯಿಸಬೇಕೆಂದಿರುವವರು ಊಟದ ವೇಳೆಯಲ್ಲಿ ನಮ್ಮನ್ನು ಕಾಣಬಹುದು.

 ನಾಳೆಯ ಹೂವಿಗೆ ನಾರು ನೆನೆಹಾಕುವುದಿದೆ. ನಿಮ್ಮ ಅಪ್ಪಣೆ ಪಡೆಯುತ್ತೇವೆ.