ಗೂಟ ಎಲ್ಲಿ ಹೊಡೆಯಬೇಕು?



ಮೌಖಿಕ ಪರೀಕ್ಷೆಯೊಂದರಲ್ಲಿ ಎಂ.ಎ. ವಿದ್ಯಾರ್ಥಿನಿಯನ್ನು ಕೇಳಿದೆ: “ಈ ನೂರು ಮಹಿಳೆಯರನ್ನು ಹೇಗೆ ಆರಿಸಿದೆಯಮ್ಮಾ?”

“ರ‍್ಯಾಂಡಮ್ ಆಗಿ ಸರ್. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರನ್ನು ಕೇಳಿದೆ.”

ಸರಾಸರಿ, ಪ್ರಮಾಣ ವಿಚಲನೆ, ಕೈ-ಸ್ಕ್ವೇರ್ ಎಲ್ಲ ಅಚ್ಚುಕಟ್ಟಾಗಿತ್ತು. ಎಡವಟ್ಟು ಲೆಕ್ಕಕ್ಕೆ ಕೂರುವ ಮೊದಲೇ ಆಗಿಹೋಗಿತ್ತು. ಅವಳನ್ನು ಬೈಯಲಿಲ್ಲ. ಸಿಕ್ಕಸಿಕ್ಕವರನ್ನು ಹಿಡಿಯುವುದು ಬೇರೆ, ಯಾದೃಚ್ಛಿಕವಾಗಿ ಆರಿಸುವುದು ಬೇರೆ ಎಂಬುದು ನನಗೂ ತರಗತಿಯಲ್ಲಿ ಹೊಳೆದದ್ದಲ್ಲ, ರಾಗಿ ಹೊಲದಲ್ಲಿ.

ಉಪನ್ಯಾಸಕನಾದ ಹೊಸತರಲ್ಲಿ ಇಳುವರಿ ಅಂದಾಜು ಮಾಡುವ ಬೆಳೆ ಕಟಾವು ಪ್ರಯೋಗ ನೋಡಲು ಹೋಗಿದ್ದೆ. ಊರು, ಸರ್ವೆ ನಂಬರು ಮೊದಲೇ ಯಾದೃಚ್ಛಿಕ ಸಂಖ್ಯೆಗಳಿಂದ ಗೊತ್ತಾಗಿರುತ್ತವೆ. ಹೊಲದ ನೈರುತ್ಯ ಮೂಲೆಯಲ್ಲಿ ನಿಂತು, ಹಾಳೆಯಲ್ಲಿ ಬಂದ ಒಂದು ಸಂಖ್ಯೆಯಷ್ಟು ಹೆಜ್ಜೆ ಉದ್ದಕ್ಕೆ, ಇನ್ನೊಂದರಷ್ಟು ಹೆಜ್ಜೆ ಅಡ್ಡಕ್ಕೆ ನಡೆದು ಗೂಟ ಹೊಡೆಯಬೇಕು. ಅಲ್ಲಿಂದ 5 ಮೀಟರಿನ ಚೌಕ. ಮೂಲೆಯಿಂದ ಮೂಲೆಗೆ ಟೇಪು ಹಿಡಿದಾಗ 7.07 ಮೀಟರ್ ಬರದಿದ್ದರೆ ಚೌಕ ಸೊಟ್ಟಗಿದೆ ಎಂದರ್ಥ.

ಗ್ರಾಮಲೆಕ್ಕಿಗರು ಹೆಜ್ಜೆ ಎಣಿಸುತ್ತಾ ಹೋಗಿ ನಿಂತದ್ದು ಜವುಗು ಹಿಡಿದ ತಗ್ಗಿನಲ್ಲಿ. ಪೈರು ಮೊಣಕಾಲುದ್ದವೂ ಇರಲಿಲ್ಲ. ಹೊಲದ ಯಜಮಾನರು ಸುಮ್ಮನಿರಲಿಲ್ಲ: “ಅಲ್ಲ್ಯಾಕೆ ಹೊಡೀತೀರಾ ಸ್ವಾಮಿ? ಈ ಕಡೆ ಬನ್ನಿ, ತೆನೆ ಹೆಂಗದೆ ನೋಡಿ.”

“ನಂಬರು ಬಂದಿರೋದು ಇಲ್ಲೇ, ಯಜಮಾನ್ರೇ.”

ನನಗೂ ಆ ಕಡೆಗೇ ಹೋಗೋಣ ಅನ್ನಿಸಿತ್ತು, ಸುಳ್ಳೇಕೆ. ಬೆಳೆ ವಿಮೆ ಬಂದ ಮೇಲೆ ಎಳೆದಾಟ ತಿರುಗುಮುರುಗಾಗಿದೆ: ಇಳುವರಿ ಕಡಿಮೆ ಬಂದರೆ ಪರಿಹಾರವಾದ್ದರಿಂದ ಒಣಗಿದ ಮೂಲೆಗೇ ಕರೆಯುವವರೂ ಇದ್ದಾರೆ. ಹಾಳೆಯ ಮೇಲಿನ ಸಂಖ್ಯೆಗೆ ಮಾತ್ರ ಯಾರ ದಾಕ್ಷಿಣ್ಯವೂ ಇಲ್ಲ.

ಚೌಕ 25 ಚದರ ಮೀಟರ್, ಹೆಕ್ಟೇರು 10,000. ಅಂದರೆ ತಕ್ಕಡಿಯಲ್ಲಿ ಬಂದದ್ದನ್ನು 400ರಿಂದ ಗುಣಿಸುತ್ತೇವೆ. ಒಂದು ಕಿಲೋ ಹೆಚ್ಚುಕಮ್ಮಿಯಾದರೆ ಹೆಕ್ಟೇರಿಗೆ ನಾಲ್ಕು ಕ್ವಿಂಟಲ್ ಹೆಚ್ಚುಕಮ್ಮಿ. ಹಾಗಾಗಿಯೇ ಹಗ್ಗದ ಮೇಲೆ ನಿಂತ ಪೈರು ಒಳಗೋ ಹೊರಗೋ ಎಂಬುದು ದೊಡ್ಡ ಪ್ರಶ್ನೆ. ಕೊಯ್ಯುವ ಕೈ ಅದನ್ನು ಒಳಗೇ ಎಳೆದುಕೊಳ್ಳುತ್ತದೆ. 1940ರ ದಶಕದಲ್ಲಿ ಕೊಯ್ಯುವ ತುಂಡು ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೆ ದೊಡ್ಡ ವಾಗ್ವಾದವೇ ನಡೆಯಿತು. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಮಹಲನೋಬಿಸ್ ಸಣ್ಣ ತುಂಡುಗಳನ್ನು ಹೆಚ್ಚು ಕಡೆ ಕೊಯ್ಯಿಸುವ ಪಕ್ಷ. ಸಣ್ಣ ತುಂಡು ಇಳುವರಿಯನ್ನು ಉಬ್ಬಿಸುತ್ತದೆ ಎಂದು ತೋರಿಸಿದವರು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ. ಲೆಕ್ಕ ನೀವೇ ಹಾಕಿ ನೋಡಿ: 5 ಮೀಟರ್ ಚೌಕಕ್ಕೆ 20 ಮೀಟರ್ ಅಂಚು, ಅಂದರೆ ಪ್ರತಿ ಚದರ ಮೀಟರಿಗೆ 0.8 ಮೀಟರ್. 1 ಮೀಟರ್ ಚೌಕದಲ್ಲಿ ಅದೇ ಅಂಚು 4 ಮೀಟರ್, ಐದು ಪಟ್ಟು. ಸಾವಿರ ಕಡೆ ಕೊಯ್ದರೂ ಈ ಉಬ್ಬು ಇಳಿಯದು, ಎಲ್ಲ ತುಂಡೂ ಒಂದೇ ಕಡೆಗೆ ವಾಲಿರುತ್ತವಲ್ಲ. ಮಾದರಿ ದೊಡ್ಡದಾದಂತೆ ತಗ್ಗುವುದು ಅತ್ತಿತ್ತ ಚದುರುವ ದೋಷ. ವಾಲಿದ ದೋಷ ಇದ್ದಲ್ಲೇ ಇರುತ್ತದೆ.

ಈಗ ಬಸ್ ಸ್ಟ್ಯಾಂಡಿಗೆ ಬನ್ನಿ. ಹಗಲು ಹನ್ನೊಂದಕ್ಕೆ ಅಲ್ಲಿ ನಿಲ್ಲದವರು ಯಾರು? ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಿರುವವಳು, ಕೂಲಿಗೆ ಹೋದವಳು. ಮಾತಾಡಲು ಒಪ್ಪಿದವರೇ ನೂರು ಜನವಾದರು.

ಆ ವಿದ್ಯಾರ್ಥಿನಿಗೆ ಇನ್ನೊಂದು ದಾರಿ ಹೇಳಿದೆ. ವಾರ್ಡಿನ ಮನೆಗಳ ಪಟ್ಟಿ ಹಿಡಿ. 2,000 ಮನೆ, ನೂರು ಬೇಕು, ಇಪ್ಪತ್ತಕ್ಕೊಂದು. ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು ಎತ್ತು, ಬಂದ ಸಂಖ್ಯೆಯಿಂದ ಶುರು ಮಾಡು. ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗಬೇಡ, ಮತ್ತೆ ಅದೇ ಮನೆಗೆ ಹೋಗು.

ಎರಡು ತಿಂಗಳಾದ ಮೇಲೆ ಸಿಕ್ಕಳು. ಒಂದು ಮನೆಗೆ ಮೂರು ಸಲ ಹೋದಳಂತೆ. ಮೂರನೆಯ ಸಲ, ಭಾನುವಾರ, ಬಾಗಿಲು ತೆರೆದಿತ್ತು. ಗಾರ್ಮೆಂಟ್ಸಿಗೆ ಹೋಗುವ ಅಕ್ಕತಂಗಿಯರು, ಹೊರಡುವುದು ಬೆಳಿಗ್ಗೆ ಏಳಕ್ಕೆ, ಬರುವುದು ರಾತ್ರಿ ಎಂಟಕ್ಕೆ. “ಅಂಥ ಮನೆಗಳು ಹದಿನೇಳು ಸಿಕ್ಕವು ಸರ್,” ಅಂದಳು. ಬಸ್ ಸ್ಟ್ಯಾಂಡಿನ ಹಳೆಯ ಪಟ್ಟಿಯಲ್ಲಿ ಒಂದೂ ಇರಲಿಲ್ಲ.