ಸುದ್ದಿಯ ವೇಗವನ್ನು ಅಳೆಯುವುದು

ಒಂದು ಸುದ್ದಿ ಎಷ್ಟು ಜನರನ್ನು ಮುಟ್ಟುತ್ತದೆಂದು ಅದು ಹುಟ್ಟುವಾಗಲೇ ಹೇಳುವುದು ಬಹಳ ಕಷ್ಟ. 2006ರಲ್ಲಿ ಸ್ಯಾಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಸಂಶೋಧಕರು 48 ಹಾಡುಗಳನ್ನು ಎಂಟು ಪ್ರತ್ಯೇಕ ಗುಂಪುಗಳ ಮುಂದಿಟ್ಟರು. ತಮ್ಮ ಗುಂಪಿನವರು ಯಾವ ಹಾಡನ್ನು ಎಷ್ಟು ಸಲ ಡೌನ್‌ಲೋಡ್ ಮಾಡಿದರೆಂಬುದು ಮಾತ್ರ ಕೇಳುಗರಿಗೆ ಕಾಣುತ್ತಿತ್ತು. ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೇರಿದ ಹಾಡು ಇನ್ನೊಂದರಲ್ಲಿ 40ನೆಯದಾಯಿತು!

2014ರಲ್ಲಿ ಜಸ್ಟಿನ್ ಚೆಂಗ್, ಜಾನ್ ಕ್ಲೈನ್‌ಬರ್ಗ್ ಮತ್ತು ಸಂಗಡಿಗರು ಪ್ರಶ್ನೆಯನ್ನೇ ಬದಲಿಸಿದರು. ಫೇಸ್‌ಬುಕ್‌ನಲ್ಲಿ ಐದು ಸಲ ಹಂಚಿಕೆಯಾದ ಚಿತ್ರ ಹತ್ತನ್ನು ದಾಟೀತೇ? ಕಣ್ಣುಮುಚ್ಚಿ ಹೇಳಿದರೆ ಅರ್ಧದಷ್ಟು ಸಲ ಸರಿಯಾಗುತ್ತದೆ. ಅವರ ಲೆಕ್ಕ ಸುಮಾರು ಶೇ. 80ರಷ್ಟು ಸರಿಯಾಯಿತು. ಚಿತ್ರದಲ್ಲೇನಿದೆ ಎಂಬುದಕ್ಕಿಂತ, ಮೊದಲ ಹಂಚಿಕೆಗಳು ಎಷ್ಟು ಬೇಗಬೇಗ ನಡೆದವೆಂಬುದೇ ಹೆಚ್ಚು ಸುಳಿವು ಕೊಟ್ಟಿತು. ನನಗೆ ಈ ವಿಷಯದಲ್ಲಿ ಅತ್ಯಂತ ಮುಖ್ಯವೆನಿಸಿರುವುದು ಇದೇ.

ಈ ಕೆಲಸಕ್ಕೆ ಡೀಪ್ ಲರ್ನಿಂಗ್ ಬಂದದ್ದು ಆಮೇಲೆ. 2017ರ ಡೀಪ್‌ಕ್ಯಾಸ್, ಯಾರಿಂದ ಯಾರಿಗೆ ಸುದ್ದಿ ಹೋಯಿತೆಂಬ ಸರಪಳಿಗಳನ್ನು ವಾಕ್ಯಗಳಂತೆ ಓದಿ ಕಲಿತಿತು. ಅದೇ ವರ್ಷದ ಡೀಪ್‌ಹಾಕ್ಸ್, ಚೀನಾದ ವೀಬೊ ಜಾಲದಲ್ಲಿ ಪ್ರತಿ ಹಂಚಿಕೆಯೂ ಮುಂದಿನ ಹಂಚಿಕೆಗಳನ್ನು ಪ್ರಚೋದಿಸುವುದನ್ನೂ ಆ ಪ್ರಭಾವ ಹೊತ್ತು ಕಳೆದಂತೆ ತಗ್ಗುವುದನ್ನೂ ಲೆಕ್ಕಕ್ಕೆ ತಂದಿತು. ಇದರ ಹಿಂದಿನ ಗಣಿತ 1971ರಲ್ಲಿ ಅಲನ್ ಹಾಕ್ಸ್ ರೂಪಿಸಿದ್ದು. ಭೂಕಂಪದ ನಂತರದ ಕಂಪನಗಳಿಗೂ ಅದನ್ನೇ ಬಳಸುತ್ತಾರೆ.

ಆದರೆ ಈ ಮಾದರಿಗಳೆಲ್ಲ ನೋಡಿದ್ದು ಹೊರಗಿನವರ ಕಣ್ಣಿಗೆ ಬೀಳುವ ಜಾಲಗಳನ್ನು; ವಾಟ್ಸ್‌ಆ್ಯಪ್ ಹಾಗಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರಊರಿನವರನ್ನು ಸ್ಥಳೀಯರು ಮಕ್ಕಳ ಕಳ್ಳರೆಂದು ಶಂಕಿಸಿದರು. ಅವರು ಕಾರಿನಲ್ಲಿ ತಪ್ಪಿಸಿಕೊಂಡರೂ ವಾಟ್ಸ್‌ಆ್ಯಪ್ ಸಂದೇಶ ಅವರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ದಾರಿ ಅಡ್ಡಗಟ್ಟಿದ ಗುಂಪು ಒಬ್ಬರನ್ನು ಹೊಡೆದು ಕೊಂದಿತು. ವಾಟ್ಸ್‌ಆ್ಯಪ್‌ನ ಸಂದೇಶವನ್ನು ಕಳಿಸಿದವರು, ಪಡೆದವರು ಬಿಟ್ಟರೆ ಬೇರೆ ಯಾರೂ ಓದಲಾರರು. ಯಾವ ಮಾದರಿಯೂ ಅಲ್ಲಿಗೆ ಇಣುಕಿರಲಿಲ್ಲ.

ಓದದೆಯೂ ತಡೆ ಹಾಕಬಹುದು. ಅದೇ ತಿಂಗಳು ಭಾರತದಲ್ಲಿ ವಾಟ್ಸ್‌ಆ್ಯಪ್ ಫಾರ್ವರ್ಡ್‌ಗೆ ಒಂದು ಸಲಕ್ಕೆ ಐದು ಚಾಟ್‌ಗಳ ಮಿತಿ ಘೋಷಣೆಯಾಯಿತು. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದೆಂದಾಯಿತು; ಅಂಥ ಸಂದೇಶಗಳು ಶೇ. 70ರಷ್ಟು ಇಳಿದವೆಂದು ಕಂಪನಿ ಹೇಳಿತು. ಎಷ್ಟು ಕೈ ದಾಟಿತೆಂಬ ಎಣಿಕೆಯಷ್ಟೇ ಇದಕ್ಕೆ ಸಾಕಾಯಿತು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಹರಿದಾಡಿದಂಥ ನೆರವಿನ ಮೊರೆಗೂ ಇದೇ ತಡೆ ಬೀಳುತ್ತದೆ. ವದಂತಿಯನ್ನೂ ಮೊರೆಯನ್ನೂ ಬೇರ್ಪಡಿಸಲು, ಸಂದೇಶ ಹೊರಗೆ ಹೋಗದಂತೆ ಫೋನಿನೊಳಗೇ ಕನ್ನಡ ಓದಬಲ್ಲ ಪುಟ್ಟ ಮಾದರಿ ಬೇಕು. ನಮ್ಮ ವಿಶ್ವವಿದ್ಯಾಲಯಗಳು ಆ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಬೇಡಿಕೆ.